ಪ್ಲಾಸ್ಮಾದಿಂದ ಎಲ್‌ಡಿಎಲ್ ಬೇರ್ಪಡಿಸುವ ಕೆಲಸ: ನನ್ನ ಅನುಭವ

ವೈದ್ಯಕೀಯ ಕಾಲೇಜೊಂದರ ಜೀವರಸಾಯನ ವಿಭಾಗದಲ್ಲಿ ನಾನು ಹಲವು ವರ್ಷಗಳಿಂದ ಮಾಡಿಕೊಂಡು ಬಂದಿರುವ ಕೆಲಸಗಳಲ್ಲಿ ಮನುಷ್ಯರ ಪ್ಲಾಸ್ಮಾದಿಂದ, ಅಂದರೆ ರಕ್ತಕೋಶಗಳನ್ನು ತೆಗೆದ ಮೇಲೆ ಉಳಿಯುವ ದ್ರವದಿಂದ, ಲಿಪೊಪ್ರೋಟೀನುಗಳನ್ನು (ರಕ್ತದಲ್ಲಿ ಕೊಬ್ಬನ್ನು ಹೊತ್ತೊಯ್ಯುವ ಕಣಗಳನ್ನು) ಬೇರ್ಪಡಿಸುವುದೂ ಒಂದು. ನಮಗೆ ಮುಖ್ಯವಾಗಿ ಬೇಕಾಗುವುದು ಎಲ್‌ಡಿಎಲ್, ಅಂದರೆ ಕಡಿಮೆ ಸಾಂದ್ರತೆಯ ಲಿಪೊಪ್ರೋಟೀನ್. ಅದನ್ನು ಮ್ಯಾಕ್ರೋಫೇಜ್ ಎಂಬ ಬಿಳಿರಕ್ತ ಜಾತಿಯ ಜೀವಕೋಶಗಳಿಗೆ ಉಣಿಸಿ, ಅವು ಕೊಲೆಸ್ಟೆರಾಲನ್ನು ಹೇಗೆ ತುಂಬಿಕೊಳ್ಳುತ್ತವೆ ಎಂಬುದನ್ನು ಗಮನಿಸುತ್ತೇವೆ. ತಯಾರಿಕೆಯ ಹಂತದಲ್ಲಿಯೇ ಎಲ್‌ಡಿಎಲ್ ಆಕ್ಸಿಡೀಕರಣಗೊಂಡಿದ್ದರೆ ಈ ಜೀವಕೋಶಗಳು ಅದನ್ನು ಬೇರೆಯೇ ಗ್ರಾಹಕಗಳ ಮೂಲಕ ಮಿತಿಯಿಲ್ಲದೆ ನುಂಗುತ್ತವೆ. ಆಗ ನಾವು ಅಳೆಯುವುದು ರಕ್ತದಲ್ಲಿದ್ದ ಕಣದ ವರ್ತನೆಯನ್ನಾಗಿರದೆ, ಪ್ರಯೋಗಾಲಯದಲ್ಲಿ ಕೆಟ್ಟ ಕಣದ ವರ್ತನೆಯನ್ನಾಗಿರುತ್ತದೆ. ಆದ್ದರಿಂದ ರಕ್ತನಾಳದಲ್ಲಿ ಹೇಗಿತ್ತೋ ಹಾಗೆಯೇ ಕಣವನ್ನು ಹೊರತರುವುದೇ ಈ ಕೆಲಸದ ನಿಜವಾದ ಕಷ್ಟವೆಂದು ನಾನು ತಿಳಿದಿದ್ದೇನೆ.

ನಾವು ಅನುಸರಿಸುವುದು 1955ರಲ್ಲಿ ಹಾವೆಲ್, ಈಡರ್ ಮತ್ತು ಬ್ರ್ಯಾಗ್ಡನ್ ಪ್ರಕಟಿಸಿದ ಕ್ರಮವನ್ನು. ಲಿಪೊಪ್ರೋಟೀನ್ ಕಣದಲ್ಲಿ ಕೊಬ್ಬಿನ ಪಾಲು ಹೆಚ್ಚಿದ್ದಷ್ಟೂ ಅದು ಹಗುರವಾಗಿರುತ್ತದೆ. ಸುತ್ತಲಿನ ದ್ರವದ ಸಾಂದ್ರತೆಯನ್ನು ಉಪ್ಪು ಬೆರೆಸಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ, ಪ್ರತಿ ಮೆಟ್ಟಿಲಿನಲ್ಲಿಯೂ ಅಲ್ಟ್ರಾಸೆಂಟ್ರಿಫ್ಯೂಜ್ ಎಂಬ ಅತಿವೇಗದ ಯಂತ್ರದಲ್ಲಿ ತಿರುಗಿಸಿದರೆ, ಆಯಾ ಸಾಂದ್ರತೆಗಿಂತ ಹಗುರವಾದ ಕಣಗಳು ಮೇಲಕ್ಕೆ ತೇಲುತ್ತವೆ. ಪ್ರತಿ ಮಿಲಿಲೀಟರಿಗೆ 1.006 ಗ್ರಾಂ ಸಾಂದ್ರತೆಯಲ್ಲಿ ವಿಎಲ್‌ಡಿಎಲ್ (ಅತಿ ಕಡಿಮೆ ಸಾಂದ್ರತೆಯದು), 1.019ರಲ್ಲಿ ಐಡಿಎಲ್ (ನಡುವಿನ ಸಾಂದ್ರತೆಯದು), 1.063ರಲ್ಲಿ ಎಲ್‌ಡಿಎಲ್, 1.21ರಲ್ಲಿ ಎಚ್‌ಡಿಎಲ್ (ಹೆಚ್ಚು ಸಾಂದ್ರತೆಯದು) ತೇಲಿಬರುತ್ತವೆ. ಆಸ್ಪತ್ರೆಯ ಅನೇಕ ವರದಿಗಳಲ್ಲಿ ಕಾಣುವ ಎಲ್‌ಡಿಎಲ್ ಅಂಕಿ ಒಟ್ಟು ಕೊಲೆಸ್ಟೆರಾಲ್, ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡುಗಳಿಂದ ಲೆಕ್ಕ ಹಾಕಿದ್ದು. ಇಲ್ಲಿಯಾದರೋ ಆ ಕಣವೇ ಕೊಳವೆಯಲ್ಲಿ ಕಣ್ಣಿಗೆ ಕಾಣುವಂತೆ ನಿಲ್ಲುತ್ತದೆ.

ನೀತಿ ಸಮಿತಿಯ ಒಪ್ಪಿಗೆ, ದಾನಿಯ ಲಿಖಿತ ಸಮ್ಮತಿ ಹಾಗೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳಿಲ್ಲದೆ ನಾವು ರಕ್ತವನ್ನು ಮುಟ್ಟುವುದಿಲ್ಲ. ದಾನಿಗಳು 12 ಗಂಟೆ ಉಪವಾಸವಿದ್ದು ಬೆಳಿಗ್ಗೆ ಬರಬೇಕು. ಉಂಡ ಮೇಲೆ ತೆಗೆದ ಪ್ಲಾಸ್ಮಾವನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಊಟದ ಕೊಬ್ಬನ್ನು ಹೊತ್ತ ಕೈಲೋಮೈಕ್ರಾನ್ ಎಂಬ ದೊಡ್ಡ ಕಣಗಳು ಹಾಲಿನ ಕೆನೆಯಂತೆ ಮೇಲೆ ಕಟ್ಟುತ್ತವೆ, ಮುಂದಿನ ಕೆಲಸಕ್ಕೆ ಅವು ಅಡ್ಡಿ. ರಕ್ತವನ್ನು ಇಡಿಟಿಎ ಎಂಬ ರಾಸಾಯನಿಕ ಇರುವ ಕೊಳವೆಗೇ ತೆಗೆದುಕೊಳ್ಳುತ್ತೇವೆ. ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟು ಹೆಪ್ಪುಗಟ್ಟುವುದನ್ನು ತಡೆಯುವುದಷ್ಟೇ ಅಲ್ಲದೆ, ಆಕ್ಸಿಡೀಕರಣಕ್ಕೆ ಚಾಲನೆ ಕೊಡುವ ತಾಮ್ರ ಮತ್ತು ಕಬ್ಬಿಣದ ಅಯಾನುಗಳನ್ನೂ ಕಟ್ಟಿಹಾಕುತ್ತದೆ. ಕೂಡಲೇ 4 ಡಿಗ್ರಿಯಲ್ಲಿ ಸಾಮಾನ್ಯ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಬಿಳಿಕೋಶಗಳ ಪದರವನ್ನು ಅಲುಗಿಸದೆ ಪ್ಲಾಸ್ಮಾವನ್ನು ಮಾತ್ರ ಎಳೆದುಕೊಳ್ಳುತ್ತೇವೆ. ಪ್ಲಾಸ್ಮಾ ಕೆಂಪಾಗಿ ಕಂಡರೆ ಕೆಂಪುಕೋಶಗಳು ಒಡೆದಿವೆ ಎಂದೇ ಅರ್ಥ. ಹೀಮ್ ಕಬ್ಬಿಣವೇ ಎಲ್‌ಡಿಎಲ್ ಕೆಡಿಸಬಲ್ಲದಾದ್ದರಿಂದ ಅಂಥ ಮಾದರಿಯನ್ನು ಉಳಿಸಿಕೊಳ್ಳುವ ಮೋಹಕ್ಕೆ ಬೀಳಬಾರದು.

ಮೊದಲ ಓಟಕ್ಕೆ ಉಪ್ಪು ಸೇರಿಸಬೇಕಾಗಿಲ್ಲ, ಏಕೆಂದರೆ ಪ್ಲಾಸ್ಮಾದಲ್ಲಿ ಪ್ರೋಟೀನುಗಳನ್ನು ಬಿಟ್ಟು ಉಳಿದ ದ್ರವದ ಸಾಂದ್ರತೆ ಸುಮಾರು 1.006 ಇರುತ್ತದೆ. ಕೊಳವೆಯಲ್ಲಿ ಪ್ಲಾಸ್ಮಾದ ಮೇಲೆ ಅದೇ ಸಾಂದ್ರತೆಯ ಉಪ್ಪುನೀರನ್ನು ನಿಧಾನವಾಗಿ ಇಳಿಬಿಟ್ಟು, ತೆಳು ಗೋಡೆಯ ಕೊಳವೆಯಾದರೆ ಕಂಠದವರೆಗೆ ತುಂಬಿಸಿ ಮುಚ್ಚುತ್ತೇವೆ; ಒಳಗೆ ಗಾಳಿ ಉಳಿದರೆ ಆ ವೇಗದಲ್ಲಿ ಕೊಳವೆ ಕುಸಿಯುತ್ತದೆ. ನಿಮಿಷಕ್ಕೆ 40,000 ಸುತ್ತುಗಳಂತೆ, ಅಂದರೆ ಭೂಮಿಯ ಗುರುತ್ವಕ್ಕಿಂತ ಒಂದು ಲಕ್ಷ ಪಟ್ಟಿಗೂ ಮೀರಿದ ಬಲದಲ್ಲಿ, ಸುಮಾರು 18 ಗಂಟೆ ತಿರುಗಿಸಿದಾಗ ವಿಎಲ್‌ಡಿಎಲ್ ಮಬ್ಬು ಬಿಳಿ ಪದರವಾಗಿ ಮೇಲೆ ನಿಲ್ಲುತ್ತದೆ.

ಮುಂದಿನ ಹಂತಗಳಲ್ಲಿ ಸಾಂದ್ರತೆ ಏರಿಸಲು ಪೊಟ್ಯಾಸಿಯಂ ಬ್ರೋಮೈಡನ್ನು ಬಳಸುತ್ತೇವೆ. ಎಷ್ಟು ಹಾಕಬೇಕು ಎಂಬುದನ್ನು ಅಂದಾಜಿಗೆ ಬಿಡುವಂತಿಲ್ಲ. ದ್ರವದ ಗಾತ್ರವನ್ನು ಸಾಂದ್ರತೆಗಳ ವ್ಯತ್ಯಾಸದಿಂದ ಗುಣಿಸಿ, ಬಂದದ್ದನ್ನು ಒಂದರಿಂದ 0.312 ಮತ್ತು ತಲುಪಬೇಕಾದ ಸಾಂದ್ರತೆಗಳ ಗುಣಲಬ್ಧವನ್ನು ಕಳೆದ ಮೊತ್ತದಿಂದ ಭಾಗಿಸುತ್ತೇವೆ. 100 ಮಿಲಿಲೀಟರ್ ದ್ರವವನ್ನು 1.006ರಿಂದ 1.019ಕ್ಕೆ ತರಲು ಸುಮಾರು 1.9 ಗ್ರಾಂ ಸಾಕು, 1.019ರಿಂದ 1.063ಕ್ಕೆ ಸುಮಾರು 6.6 ಗ್ರಾಂ ಬೇಕು, 1.063ರಿಂದ 1.21ಕ್ಕೆ ಹೋಗಲು 23.6 ಗ್ರಾಂ ಬೇಕಾಗುತ್ತದೆ. ಮೇಲಿನ ಪದರವನ್ನು ತೆಗೆದ ಮೇಲೆ ಗಾತ್ರ ಬದಲಾಗಿರುತ್ತದೆಯಾದ್ದರಿಂದ ಪ್ರತಿ ಸಲವೂ ಹೊಸದಾಗಿ ಅಳೆದೇ ಲೆಕ್ಕ ಹಾಕಬೇಕು. ಬ್ರೋಮೈಡನ್ನು ಮೊದಲೇ ಓವನ್ನಿನಲ್ಲಿ ಒಣಗಿಸಿಡುವುದು ಒಳ್ಳೆಯದು, ತೇವ ಹೀರಿದ ಉಪ್ಪು ತೂಕದಲ್ಲಿ ಸುಳ್ಳು ಹೇಳುತ್ತದೆ. ಅದನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ, ಪಾತ್ರೆಯನ್ನು ಮೆಲ್ಲಗೆ ವಾಲಿಸುತ್ತ ಕರಗಿಸಬೇಕು. ಜೋರಾಗಿ ಅಲುಗಾಡಿಸಿದರೆ ನೊರೆಯೇಳುತ್ತದೆ, ನೊರೆಯಲ್ಲಿ ಗಾಳಿಗೆ ತಾಗಿದ ಅಪೊಬಿ, ಅಂದರೆ ಎಲ್‌ಡಿಎಲ್ ಕಣದ ಮುಖ್ಯ ಪ್ರೋಟೀನು, ಕೆಡುತ್ತದೆ. ಕರಗಿದ ಮೇಲೆ ಒಂದಿಷ್ಟನ್ನು ಸಾಂದ್ರತಾ ಮಾಪಕದಲ್ಲಿ ನೋಡಿ ದೃಢಪಡಿಸಿಕೊಳ್ಳದೆ ನಾನು ಕೊಳವೆಗಳನ್ನು ಹೊತ್ತು ತಿರುಗುವ ರೋಟರನ್ನು ಮುಚ್ಚುವುದಿಲ್ಲ.

ಕೊಳವೆಗಳನ್ನು ಎದುರು ಬದುರಾಗಿ ಸರಿದೂಗಿಸುವಾಗ ತೂಕದ ಜೊತೆಗೆ ಒಳಗಿನ ದ್ರವದ ಸಾಂದ್ರತೆಯೂ ಒಂದೇ ಆಗಿರಬೇಕು. ಬ್ರೋಮೈಡ್ ದ್ರಾವಣದ ಎದುರಿಗೆ ಬರಿಯ ನೀರಿನ ಕೊಳವೆಯನ್ನು ಇಡುವುದು ಅಪಾಯಕಾರಿ. 1.2ಕ್ಕಿಂತ ಸಾಂದ್ರವಾದ ದ್ರವಕ್ಕೆ ರೋಟರಿನ ಗರಿಷ್ಠ ವೇಗವನ್ನು ತಯಾರಕರ ಸೂಚನೆಯಂತೆ ತಗ್ಗಿಸಬೇಕಾಗುತ್ತದೆ, ಎಚ್‌ಡಿಎಲ್ ಹಂತದಲ್ಲಿ ಇದನ್ನು ಮರೆಯುವಂತಿಲ್ಲ. ನಿಲ್ಲಿಸುವಾಗಲೂ ಬ್ರೇಕನ್ನು ಅತಿ ಮೆದುವಾಗಿಡುತ್ತೇವೆ. ಇಷ್ಟು ದೀರ್ಘ ಓಟಗಳಿಗೆ ಯುಪಿಎಸ್ ಬೆಂಬಲ ಅಗತ್ಯ. ಕರೆಂಟು ಹೋಗಿ ರೋಟರ್ ನಿಂತುಬಿಟ್ಟರೆ ಬೇರ್ಪಟ್ಟ ಪದರಗಳು ಮತ್ತೆ ಹರಡತೊಡಗುತ್ತವೆ.

1.063ರ ಓಟ 20ರಿಂದ 24 ಗಂಟೆ ನಡೆಯುತ್ತದೆ. ಮುಚ್ಚಳ ತೆರೆದಾಗ ಕೊಳವೆಯ ಮೇಲ್ಭಾಗದಲ್ಲಿ ಕಿತ್ತಳೆ ಹಳದಿಯ ಸ್ಪಷ್ಟ ಪಟ್ಟಿ ಕಾಣುತ್ತದೆ. ಆ ಬಣ್ಣ ಎಲ್‌ಡಿಎಲ್ ಹೊತ್ತೊಯ್ಯುವ ಬೀಟಾ ಕ್ಯಾರೊಟಿನ್ ಮುಂತಾದ ಕ್ಯಾರೊಟಿನಾಯ್ಡುಗಳದು. ಕ್ಯಾರೊಟಿನಾಯ್ಡುಗಳು ಆಕ್ಸಿಡೀಕರಣದಲ್ಲಿ ನಾಶವಾಗುವುದರಿಂದ, ಬಣ್ಣ ಪೇಲವವಾಗಿದ್ದರೆ ನಾನು ಆ ಮಾದರಿಯನ್ನು ಅನುಮಾನದಿಂದಲೇ ನೋಡುತ್ತೇನೆ. ಪಟ್ಟಿಯನ್ನು ಆದಷ್ಟು ಕಡಿಮೆ ಗಾತ್ರದಲ್ಲಿ ಎಳೆದುಕೊಂಡು, 1.063 ಸಾಂದ್ರತೆಯ ದ್ರಾವಣದಲ್ಲಿ ಇನ್ನೊಮ್ಮೆ ತೇಲಿಸುತ್ತೇವೆ. ಒಂದು ದಿನ ಉಳಿಸುವ ಆಸೆಯಿಂದ ಕೆಲವರು ಇದನ್ನು ಬಿಡುವುದುಂಟು, ಆದರೆ ಅಂಟಿಬಂದ ಆಲ್ಬುಮಿನ್ ಹೋಗುವುದು ಈ ಹಂತದಲ್ಲಿಯೇ.

ಆಮೇಲಿನದು ಡಯಾಲಿಸಿಸ್, ಅಂದರೆ ಸಣ್ಣ ರಂಧ್ರಗಳ ಪೊರೆಯ ಚೀಲದಲ್ಲಿಟ್ಟು ಉಪ್ಪನ್ನು ಹೊರಗೆ ಹೋಗಿಸುವುದು. ಒಳಗಿನ ಉಪ್ಪು ನೀರನ್ನು ಎಳೆದು ಚೀಲ ಉಬ್ಬುವುದರಿಂದ ಅದನ್ನು ಪೂರ್ತಿ ತುಂಬದೆ ಜಾಗ ಬಿಟ್ಟು ಕಟ್ಟಬೇಕು. ನೈಟ್ರೋಜನ್ ಹಾಯಿಸಿದ, ಇಡಿಟಿಎ ಬೆರೆತ ಫಾಸ್ಫೇಟ್ ಬಫರಿನಲ್ಲಿ, 4 ಡಿಗ್ರಿಯಲ್ಲಿ, ಕತ್ತಲಲ್ಲಿ, ಬಫರನ್ನು ಹಲವು ಸಲ ಬದಲಿಸುತ್ತ ಇಡುತ್ತೇವೆ. ತಾಮ್ರದಿಂದ ಬೇಕೆಂದೇ ಆಕ್ಸಿಡೀಕರಿಸುವ ಪ್ರಯೋಗವಿದ್ದರೆ ಮಾತ್ರ, ಅದಕ್ಕೆ ತುಸು ಮುಂಚೆ ಇಡಿಟಿಎ ತೆಗೆದುಹಾಕುತ್ತೇವೆ.

ಪ್ರೋಟೀನಿನ ಪ್ರಮಾಣವನ್ನು ಲೌರಿ ವಿಧಾನದಿಂದ ಅಳೆಯುತ್ತೇವೆ. ಅಗರೋಸ್ ಜೆಲ್‌ನಲ್ಲಿ ವಿದ್ಯುತ್ ಹಾಯಿಸಿ ಓಡಿಸಿ, ಕೊಬ್ಬಿಗೆ ಹಿಡಿಯುವ ಸುಡಾನ್ ಬ್ಲ್ಯಾಕ್‌ನಿಂದ ಬಣ್ಣ ಕೊಟ್ಟಾಗ ಬೀಟಾ ಸ್ಥಾನದಲ್ಲಿ, ಅಂದರೆ ಎಲ್‌ಡಿಎಲ್ ನಿಲ್ಲುವ ಜಾಗದಲ್ಲಿ, ಒಂದೇ ಪಟ್ಟಿ ಇರಬೇಕು. ಆಕ್ಸಿಡೀಕರಣಗೊಂಡ ಕಣ ತನ್ನ ಲೈಸಿನುಗಳ ಧನಾವೇಶವನ್ನು ಕಳೆದುಕೊಂಡಿರುವುದರಿಂದ ಧನಧ್ರುವದತ್ತ ಮುಂದೆ ಓಡಿರುತ್ತದೆ. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಎಸ್‌ಡಿಎಸ್ ಜೆಲ್‌ನಲ್ಲಿ ಅಪೊಬಿಯ ಪೂರ್ಣ ರೂಪವಾದ ಅಪೊಬಿ-100ರ ಪಟ್ಟಿ ಮೇಲ್ಗಡೆಯೇ ನಿಲ್ಲಬೇಕು, 66 ಕಿಲೋಡಾಲ್ಟನ್ ಬಳಿ ಆಲ್ಬುಮಿನ್ ಕಾಣಬಾರದು. ಎಲ್‌ಡಿಎಲ್ ಅನ್ನೇ ಹೋಲುವ ಲಿಪೊಪ್ರೋಟೀನ್(ಎ) ಎಂಬ ಕಣ ಹೆಚ್ಚಿರುವ ದಾನಿಯಾದರೆ ಅದರ ಸಾಂದ್ರತೆ ಸುಮಾರು 1.05ರಿಂದ 1.12ರವರೆಗೆ ಹರಡಿರುವುದರಿಂದ ಒಂದು ಪಾಲು ನಮ್ಮ ಎಲ್‌ಡಿಎಲ್‌ನೊಳಗೇ ಸೇರಿಬರುತ್ತದೆ. ಆ ಕಾರಣಕ್ಕೆ ನಾವು ದಾನಿಗಳಲ್ಲಿ ಅದನ್ನು ಮೊದಲೇ ಅಳೆದು, ಸಾಧ್ಯವಾದಲ್ಲಿ 1.05ರವರೆಗಿನ ಭಾಗವನ್ನಷ್ಟೇ ಆರಿಸಿಕೊಳ್ಳುತ್ತೇವೆ. ಮ್ಯಾಕ್ರೋಫೇಜುಗಳು ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ವಿಷಕ್ಕೆ ಬಹಳ ಬೇಗ ಕೆರಳುವುದರಿಂದ ಅದರ ಪರೀಕ್ಷೆಯೂ ಆಗಲೇಬೇಕು.

ಶೋಧಿಸಿದ ಎಲ್‌ಡಿಎಲ್ಅನ್ನು ನೈಟ್ರೋಜನ್ ತುಂಬಿದ ಸಣ್ಣ ಕೊಳವೆಗಳಲ್ಲಿ, ಬೆಳಕು ಬೀಳದಂತೆ, 4 ಡಿಗ್ರಿಯಲ್ಲಿ ಇಡುತ್ತೇವೆ. ಹಾಗೆಯೇ ಹೆಪ್ಪುಗಟ್ಟಿಸಿದರೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಫ್ರೀಜರ್ ಸಲ್ಲದು. ಜೀವಕೋಶಗಳ ಪ್ರಯೋಗಕ್ಕೆ ಎರಡು ವಾರ ಮೀರಿದ್ದನ್ನು ನಾವು ಬಳಸುವುದಿಲ್ಲ, ಮತ್ತು ಆ ಎರಡು ವಾರಗಳ ಒಳಗೂ ಪ್ರತಿ ಪ್ರಯೋಗದ ಬೆಳಿಗ್ಗೆ ಒಂದು ಹನಿಯನ್ನು ಅಗರೋಸ್ ಜೆಲ್‌ನಲ್ಲಿ ಓಡಿಸಿ ನೋಡಿದ ಮೇಲೆಯೇ ಉಳಿದದ್ದನ್ನು ಬಳಸುತ್ತೇವೆ.