ಸೂಜಿ ಯಾವುದು ಅಂತ ಕೇಳಿದಾಗ

"ಡಾಕ್ಟ್ರೇ, ಒಂದು ಸೂಜಿ ಹಾಕಿ ಬಿಡ್ರಿ, ಚಟ ಹೋಗಬೇಕು." ಕಲಬುರಗಿಯ ನನ್ನ ಕ್ಲಿನಿಕ್‌ನಲ್ಲಿ ಈ ಮಾತು ಕೇಳದ ವಾರವೇ ಇಲ್ಲ. ತೊಗರಿ ಮಾರಿ ಕೈಗೆ ದುಡ್ಡು ಬಂದ ಮೇಲಂತೂ ಜಾಸ್ತಿ. ಮಾತ್ರೆ ಬರೆದುಕೊಟ್ಟರೆ ಮುಖ ಸಪ್ಪಗಾಗುತ್ತದೆ.

ಅಫೀಮಿನ ಜಾತಿಯ ಔಷಧಿಗಳ ಚಟಕ್ಕೆ ತಿಂಗಳಿಗೊಮ್ಮೆ ಕೊಡುವ ಸೂಜಿಗಳು ನಿಜವಾಗಿಯೂ ಇವೆ. ಎರಡರಲ್ಲಿ ಯಾವುದು ಅಂತ ಕೂತು ಯೋಚಿಸುವ ಪ್ರಸಂಗ ನನಗೆ ಬಂದದ್ದು ಆಳಂದ ಕಡೆಯ ಒಬ್ಬ ಹುಡುಗನಿಂದ. ಅಮೆರಿಕದಲ್ಲಿ ಕೆಲಸ. ಬೆನ್ನಿನ ಆಪರೇಷನ್ ಆದ ಮೇಲೆ ಕೊಟ್ಟ, ಅಫೀಮಿನ ಜಾತಿಯ ನೋವಿನ ಮಾತ್ರೆಯೇ ಚಟವಾಗಿತ್ತು. ರಜೆಗೆ ಬಂದಾಗ ನಾಲಿಗೆ ಕೆಳಗೆ ಇಡುವ ಬುಪ್ರೆನಾರ್ಫಿನ್ ತಗೊಳ್ಳುತ್ತಿದ್ದ; ಅದೂ ಅಫೀಮಿನ ಜಾತಿಯದ್ದೇ, ಆದರೆ ಚಟದ ಹಪಾಹಪಿ ತಣಿಸಲು ಕೊಡುವುದು. ವಾಪಸ್ ಹೋದ ಮೇಲೆ ಸೂಜಿಗೆ ಬದಲಾಗಬೇಕು. ಅಫೀಮಿನ ಅಮಲನ್ನೇ ತಡೆಯುವ ನಾಲ್ಟ್ರೆಕ್ಸೋನ್ ಬೇಕಾ, ಬುಪ್ರೆನಾರ್ಫಿನ್ ಬೇಕಾ ಅಂತ ಅಲ್ಲಿನ ವೈದ್ಯರು ಕೇಳಿದ್ದರು.

ಅವನ ಅಪ್ಪ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. ನಾಲ್ಟ್ರೆಕ್ಸೋನೇ ಆಗಬೇಕು, ಅದು ಅಫೀಮಿನ ಜಾತಿಯದ್ದಲ್ಲ, ಬುಪ್ರೆನಾರ್ಫಿನ್ ಅಂದರೆ ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದ ಹಾಗೆ ಅಂತ.

ನನಗೆ ತಕ್ಷಣ ನೆನಪಾದದ್ದು ನನ್ನದೇ ಒಂದು ಹಳೇ ತಪ್ಪು. ಲಾರಿ ಲೋಡಿಂಗ್ ಮಾಡುವ ಒಬ್ಬರು ಬಂದಿದ್ದರು. ಮೈಕೈ ನೋವಿಗೆ ಶುರುವಾದ ಟ್ರಮಡಾಲ್, ಅದೂ ಅಫೀಮಿನ ಜಾತಿಯದ್ದೇ, ಬಿಡಲಾಗದೆ ಅಂಟಿತ್ತು. ಹತ್ತು ದಿನದಿಂದ ಮುಟ್ಟಿಲ್ಲ ಅಂದರು. ಮೂತ್ರದ ಸ್ಟ್ರಿಪ್‌ನಲ್ಲೂ ಏನೂ ಕಾಣಲಿಲ್ಲ. ಸಾಮಾನ್ಯ ಸ್ಟ್ರಿಪ್‌ಗಳು ಟ್ರಮಡಾಲನ್ನು ಹಿಡಿಯುವುದಿಲ್ಲ ಅನ್ನೋದು ನನಗೆ ಗೊತ್ತಿತ್ತು, ಆದರೂ ನಂಬಿದೆ. 50 ಮಿಲಿಗ್ರಾಂನ ನಾಲ್ಟ್ರೆಕ್ಸೋನ್ ಮಾತ್ರೆ ಕೊಟ್ಟೆ. ಗಂಟೆಯೊಳಗೆ ವಾಂತಿ, ಭೇದಿ, ಮೈಯೆಲ್ಲ ಮುಳ್ಳು. ಹಿಂದಿನ ರಾತ್ರಿ ತಗೊಂಡಿದ್ದರಂತೆ. ನಾಲ್ಟ್ರೆಕ್ಸೋನ್ ಮೆದುಳಿನಲ್ಲಿ ಅಫೀಮು ಕೂರುವ ಜಾಗದಿಂದ ಅದನ್ನು ಎಬ್ಬಿಸಿ ತಾನು ಕೂರುತ್ತದೆ. ಹಾಗಾಗಿ ಕನಿಷ್ಠ 7ರಿಂದ 10 ದಿನ ಪೂರ್ತಿ ಖಾಲಿ ಇರಬೇಕು. ಬುಪ್ರೆನಾರ್ಫಿನ್‌ನಿಂದ ಬರುವವರಿಗೆ ಎರಡು ವಾರವೂ ಬೇಕಾಗಬಹುದು.

ಅವತ್ತು ಮಾತ್ರೆಯಾದ್ದರಿಂದ ಮರುದಿನದ ಹೊತ್ತಿಗೆ ಅವರು ಸುಧಾರಿಸಿಕೊಂಡರು. ಅದೇ ಔಷಧಿ 380 ಮಿಲಿಗ್ರಾಂ ಸೂಜಿಯಾಗಿ ಕುಂಡೆಯ ಸ್ನಾಯುವಿಗೆ ಹೋಗಿದ್ದರೆ? ವಾಪಸ್ ತೆಗೆಯಲು ಬರುವುದಿಲ್ಲ. ಅವತ್ತಿನಿಂದ ಯಾವ ಔಷಧಿ ಒಳ್ಳೇದು ಅಂತ ನಾನು ಮೊದಲು ಕೇಳುವುದಿಲ್ಲ. ಶುರು ಮಾಡಲು ಆಗುತ್ತದಾ, ಕೆಟ್ಟರೆ ಏನು ಮಾಡೋದು, ಅದೇ ಮೊದಲು.

2018ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ 570 ಜನರ ಅಮೆರಿಕನ್ ಅಧ್ಯಯನವನ್ನು ಅಪ್ಪನಿಗೆ ಹೇಳಿದೆ. ನಾಲ್ಟ್ರೆಕ್ಸೋನ್ ಸೂಜಿಯ ಗುಂಪಿನಲ್ಲಿ ಶೇ. 28 ಜನರಿಗೆ ಮೊದಲ ಸೂಜಿ ತನಕ ಬರಲೂ ಆಗಲಿಲ್ಲ. ನಾಲಿಗೆ ಕೆಳಗಿನ ಬುಪ್ರೆನಾರ್ಫಿನ್ ಗುಂಪಿನಲ್ಲಿ ಹಾಗಾದವರು ಶೇ. 6 ಮಾತ್ರ. ಶುರು ಮಾಡಿದವರಲ್ಲಿ ಮಾತ್ರ ಎರಡರ ಫಲವೂ ಹತ್ತಿರ ಹತ್ತಿರ. ಹುಡುಗ ಆಗಲೇ ಬುಪ್ರೆನಾರ್ಫಿನ್ ಮೇಲೆ ನೆಟ್ಟಗಿದ್ದಾನೆ. ಅದನ್ನು ನಿಲ್ಲಿಸಿ ಎರಡು ವಾರ ಒದ್ದಾಡಿಸೋದು ಯಾಕೆ? ಬೆನ್ನಿಗೆ ಇನ್ನೊಂದು ಆಪರೇಷನ್ ಬಂದರೆ ನಾಲ್ಟ್ರೆಕ್ಸೋನ್ ಇರುವವರಿಗೆ ಬಲವಾದ ನೋವಿನ ಔಷಧಿ ನಾಟುವುದೇ ಇಲ್ಲ. ಮಧ್ಯದಲ್ಲಿ ಆ ಸೂಜಿ ತಪ್ಪಿಸಿ ಚಟದ ಮಾತ್ರೆಯನ್ನು ಹಳೇ ಪ್ರಮಾಣದಲ್ಲೇ ತಗೊಂಡರೆ ದೇಹ ತಡೆಯದೆ ಪ್ರಾಣವೂ ಹೋಗಬಹುದು.

ಇಷ್ಟಾದರೂ ಒಂದು ತೊಡಕಿತ್ತು. ಅಪ್ಪ ಹೊರಗೆ ಹೋದಾಗ, ವಾರಾಂತ್ಯಕ್ಕೆ ಕುಡಿಯುತ್ತೇನೆ ಅಂತ ಹುಡುಗ ಹೇಳಿದ. ಕುಡಿತಕ್ಕೆ ನಾಲ್ಟ್ರೆಕ್ಸೋನ್ ಕೆಲಸ ಮಾಡುತ್ತದೆ, ಅಮೆರಿಕದಲ್ಲಿ ಈ ಸೂಜಿಗೆ ಮೊದಲು, 2006ರಲ್ಲಿ, ಒಪ್ಪಿಗೆ ಸಿಕ್ಕಿದ್ದೇ ಅದಕ್ಕೆ. ಬುಪ್ರೆನಾರ್ಫಿನ್ ಮೇಲೆ ಕುಡಿದರೆ ಉಸಿರೇ ಕುಗ್ಗಬಹುದು. ಅವತ್ತು ಸುಮಾರು ಹೊತ್ತು ಅದೇ ಮಾತಾಯಿತು. ಕುಡಿತವೇ ದೊಡ್ಡದಾಗಿದ್ದರೆ ನನ್ನ ಲೆಕ್ಕ ಉಲ್ಟಾ ಆಗುತ್ತಿತ್ತು. ಅವನದು ಅಷ್ಟಿರಲಿಲ್ಲ, ಬಿಡುತ್ತೇನೆ ಅಂದ. ಬಿಟ್ಟನೋ ಇಲ್ಲವೋ, ಅಲ್ಲಿನ ವೈದ್ಯರಿಗೆ ಮುಚ್ಚಿಡದೆ ಹೇಳು ಅಂದೆ.

ಗಡಿ ಆಚೆ ಹೋಗಿ ಸೇಂದಿ ಕುಡಿದು ಬರುವವರಿಗೆ ಈ ಎರಡೂ ಅಲ್ಲ. ಕಲಬೆರಕೆ ಸೇಂದಿಯಲ್ಲಿ ಬೆರೆಸುವುದು ಕ್ಲೋರಲ್ ಹೈಡ್ರೇಟ್, ಡಯಾಜೆಪಾಂ ತರಹದ್ದು. ಒಮ್ಮೆಲೇ ನಿಂತರೆ ಫಿಟ್ಸ್ ಬರುತ್ತದೆ. ಅದರ ದಾರಿಯೇ ಬೇರೆ.

ಹುಡುಗ ಬುಪ್ರೆನಾರ್ಫಿನ್ ಸೂಜಿ ಆರಿಸಿಕೊಂಡ. ಮೊದಲ ಎರಡು ತಿಂಗಳು 300 ಮಿಲಿಗ್ರಾಂ, ಆಮೇಲೆ 100. ಹೊಟ್ಟೆಯ ಚರ್ಮದ ಕೆಳಗೆ ಹೋಗಿ ಗಟ್ಟಿಯಾಗಿ, ಅಲ್ಲಿಂದ ನಿಧಾನಕ್ಕೆ ಕರಗುತ್ತದೆ. ತೀರಾ ಬೇಡವಾದರೆ ಮೊದಲ 14 ದಿನದೊಳಗೆ ಕೊಯ್ದು ತೆಗೆಯಲೂ ಬರುತ್ತದೆ. ಅಪ್ಪನಿಗೆ ಸ್ವಲ್ಪ ಸಮಾಧಾನ ಆದದ್ದು ಈ ಮಾತಿಗೆ.

ತಿಂಗಳಾದ ಮೇಲೆ ಅವನ ಅಮ್ಮ ಫೋನ್ ಮಾಡಿದರು. ವಿಡಿಯೋ ಕಾಲ್‌ನಲ್ಲಿ ಹೊಟ್ಟೆ ಮೇಲೆ ಗಂಟು ನೋಡಿ ಗಾಬರಿಯಾಗಿದ್ದರು. ಅದು ಔಷಧಿಯೇ, ಕೆಲವು ವಾರದಲ್ಲಿ ಸಣ್ಣದಾಗುತ್ತದೆ, ಉಜ್ಜಬಾರದು ಅಷ್ಟೇ ಅಂದೆ. ಅಂದಹಾಗೆ ಅವನು ಉಡದಾರ ಕಟ್ಟುತ್ತಾನಾ ಅಂತ ಕೇಳಿದೆ. ಕಟ್ಟುತ್ತಾನಂತೆ. ಗಂಟಿಗೆ ತಾಗದ ಹಾಗೆ ಕೆಳಗೆ ಜಾರಿಸಿಕೊಳ್ಳಲಿ ಅಂದೆ.