ಫೋನ್ ಆರ್ಡರ್‌ಗೆ ಎರಡು ಸಹಿ: ನನ್ನ ಅನುಭವ

ಕೇಸ್ ಶೀಟಿನಲ್ಲಿ ಎಷ್ಟೇ ಬರೆದರೂ ಕೊನೆಗೆ ಡಾಕ್ಟರ್ ಮಾತೇ ನಡೆಯೋದು ಅಂದವರೆಲ್ಲ ಈಗ ನನ್ನನ್ನೇ ಹುಡುಕಿಕೊಂಡು ಬಂದು, ಫೋನ್ ಆರ್ಡರ್, ಅಂದರೆ ಡಾಕ್ಟರ್ ಫೋನಿನಲ್ಲಿ ಹೇಳೋ ಔಷಧಿ, ಹೇಗೆ ಬರೀತೀರಿ ಸಿಸ್ಟರ್ ಅಂತ ಕೇಳುತ್ತಾರೆ.

ಸುಮಾರು ಹದಿನೈದು ವರ್ಷದ ಹಿಂದೆ ಒಂದು ನೈಟ್ ಡ್ಯೂಟಿ. ಡಾಕ್ಟರ್ ಫೋನಿನಲ್ಲಿ ಇನ್ಸುಲಿನ್ ಹೇಳಿದರು. ಫೋರ್ಟೀನೋ ಫೋರ್ಟಿಯೋ? ನನಗೆ ಕೇಳಿಸಿದ್ದು ಫೋರ್ಟಿ. ಕೊಟ್ಟೆ. ಬೆಳಗಿನ ಜಾವ ರೋಗಿ ಬೆವರಿ ಒದ್ದೆ, ಶುಗರ್ 40ರ ಆಸುಪಾಸು. ಡೆಕ್ಸ್‌ಟ್ರೋಸ್ ಹಾಕಿ ಉಳಿಸಿಕೊಂಡೆವು. "ನಾನು ಹೇಳಿದ್ದು ಹದಿನಾಲ್ಕು" ಅಂದುಬಿಟ್ಟರು ಡಾಕ್ಟರ್. ನನ್ನ ಹತ್ತಿರ ಇದ್ದ ಸಾಕ್ಷಿ ಅಂಗೈ ಮೇಲೆ ಪೆನ್ನಲ್ಲಿ ಬರೆದುಕೊಂಡ ನಂಬರ್, ಅದೂ ಕೈ ತೊಳೆದಾಗ ಹೋಗಿತ್ತು. ಮೆಮೊ ಬಂತು, ಒಂದು ಇನ್‌ಕ್ರಿಮೆಂಟ್ ಹೋಯ್ತು.

ವಾರ್ಡ್ ಇನ್‌ಚಾರ್ಜ್ ಆದ ಮೇಲೆ ಮೊದಲು ಫೋನ್ ಆರ್ಡರಿಗೇ ಬೇರೆ ರಿಜಿಸ್ಟರ್ ಇಟ್ಟೆ. ಯಾರೂ ಸಹಿ ಹಾಕಲಿಲ್ಲ. ಆಮೇಲೆ ಕೈಯಿಂದ 350 ರೂಪಾಯಿ ಹಾಕಿ ಕೇಸ್ ಶೀಟಿಗೆ ಒತ್ತೋಕೆ ಸ್ಟಾಂಪ್ ಮಾಡಿಸಿದೆ, ಇಂಕು ಹಾಳೆ ದಾಟಿ ಹಿಂದಿನ ಪುಟಕ್ಕೂ ಇಳಿಯಿತು. ವಾಟ್ಸಾಪಿನಲ್ಲಿ ಆರ್ಡರ್ ತರಿಸಿಕೊಂಡೂ ನೋಡಿದೆ. ಒಬ್ಬರು ಬೆಳಿಗ್ಗೆ ಎದ್ದು ಮೆಸೇಜೇ ಡಿಲೀಟ್ ಮಾಡಿದ್ದರು!

ಈಗ ಮಾಡೋದು ಇಷ್ಟೇ. ಫೋನ್ ಸ್ಪೀಕರಿಗೆ, ಪಕ್ಕದಲ್ಲಿ ಇನ್ನೊಬ್ಬ ಸಿಸ್ಟರ್. ಡೋಸನ್ನು ಅಂಕಿ ಬಿಡಿಸಿ, "ಒಂದು, ನಾಲ್ಕು, ಹದಿನಾಲ್ಕು ಯೂನಿಟ್ ಅಲ್ವಾ ಸರ್?" ಅಂತ ತಿರುಗಿ ಓದಬೇಕು. ನೇರ ಕೇಸ್ ಶೀಟಿಗೇ ಟೈಮ್ ಸಮೇತ ಬರೆದು ಇಬ್ಬರೂ ಸಹಿ ಹಾಕಬೇಕು. ತಪ್ಪಾದರೆ ಒಂದೇ ಗೆರೆ ಎಳೆದು ಹೊಡೆಯಬೇಕು, ವೈಟ್ನರ್ ಮುಟ್ಟೋ ಹಾಗಿಲ್ಲ. ಬೆಳಿಗ್ಗೆ ರೌಂಡ್ಸಿನಲ್ಲಿ ಡಾಕ್ಟರ್ ಸಹಿ. ಸಹಿ ಅಂದರೆ ಸಿಡುಕುತ್ತಿದ್ದ ಒಬ್ಬ ಸರ್ಜನ್ ಈಗ ತಾವಾಗೇ ಪೆನ್ ತೆಗೆಯುತ್ತಾರೆ, ಅದು ಹೇಗೆ ಅಂತ ಮಾತ್ರ ಇಲ್ಲಿ ಬರೆಯಲ್ಲ.

ಇಷ್ಟು ಹಟ ಯಾಕೆ ಅಂದರೆ, 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ನೋಡಿ. ನಿರ್ಲಕ್ಷ್ಯದಿಂದ ಸಾವಾದರೆ ರಿಜಿಸ್ಟರ್ಡ್ ಡಾಕ್ಟರಿಗೆ ಹೆಚ್ಚೆಂದರೆ 2 ವರ್ಷ ಜೈಲು. ಆ ರಿಯಾಯಿತಿಯಲ್ಲಿ ನಾವಿಲ್ಲ, ನಮಗೆ 5 ವರ್ಷದವರೆಗೂ ಆಗಬಹುದು.

ಹೋದ ವರ್ಷ ನಮ್ಮ ಒಬ್ಬ ಸಿಸ್ಟರ್ ಹುಡುಗಿಯ ಹೆಸರೂ ಹಾಕಿ ರೋಗಿ ಕಡೆಯವರಿಂದ ಲಾಯರ್ ನೋಟಿಸ್ ಬಂತು, ಇಂಜೆಕ್ಷನ್ ತಡವಾಗಿ ಕೊಟ್ಟರು ಅಂತ. ಗ್ರಾಹಕರ ಕೋರ್ಟಿಗೆ ಹೋಗೋಕೆ ಅವರಿಗೆ 2 ವರ್ಷ ಟೈಮ್ ಇರುತ್ತೆ, ಅಷ್ಟರಲ್ಲಿ ನಮಗೆ ರೋಗಿಯ ಮುಖವೂ ನೆನಪಿರಲ್ಲ. ಹಾಳೆಯಲ್ಲಿತ್ತು: ಫೋನ್ 2:40, ಕೊಟ್ಟಿದ್ದು 2:50, ಎರಡು ಸಹಿ. ಅವರ ಲಾಯರ್ ನಮ್ಮ ಹುಡುಗಿಯ ಹೆಸರು ಕೈಬಿಟ್ಟರು.

ಆ ಸ್ಟಾಂಪ್ ಡ್ರಾಯರಿನಲ್ಲಿ ಸುಮ್ನೆ ಬಿದ್ದಿದೆ, ಬೇಕಾದವರಿಗೆ ಅರ್ಧ ಬೆಲೆಗೆ ಕೊಡುತ್ತೇನೆ.