ಗುಲಾಬಿ ಕಡ್ಡಿ ಕೊಳೆಯುವುದು ನಿಂತದ್ದು ಹೀಗೆ

ಗುಲಾಬಿ ಕಡ್ಡಿ ನೆಟ್ಟರೆ ಬುಡದಿಂದ ಕಪ್ಪಾಗಿ ಕೊಳೆಯುತ್ತಿತ್ತು. ಮಳೆಗಾಲದಲ್ಲಂತೂ ಒಂದೂ ಉಳಿಯುತ್ತಿರಲಿಲ್ಲ. ತೊಂದರೆ ಇದ್ದದ್ದು ಕುಂಡದ ಅಂಟು ಮಣ್ಣಿನಲ್ಲಿ. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಕಡ್ಡಿಯ ಬುಡಕ್ಕೆ ಗಾಳಿಯೇ ಸಿಗುವುದಿಲ್ಲ.

ಈಗ ಅರ್ಧ ದಪ್ಪ ಮರಳು, ಅರ್ಧ ತೆಂಗಿನ ನಾರಿನ ಪುಡಿ, ಅಷ್ಟೇ. ಬೇರು ಬರುವವರೆಗೆ ಗೊಬ್ಬರ ಬೇಡ. ಹೂ ಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ ಕೊಂಬೆ ಆರಿಸಿ. 6-7 ಇಂಚು ಉದ್ದ ಇರಲಿ. ಬುಡವನ್ನು ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಬೇಕು. ಬೇರು ಜಾಸ್ತಿ ಹೊರಡುವುದು ಅಲ್ಲಿಂದಲೇ. ತುದಿಯ ಒಂದೆರಡು ಎಲೆ ಬಿಟ್ಟು ಉಳಿದವನ್ನು ತೆಗೆಯಿರಿ. ಎರಡು ಗೆಣ್ಣು ಒಳಗೆ ಹೋಗಲಿ. ಬುಡ ಕತ್ತರಿಸಿದ ನೀರಿನ ಬಾಟಲಿಯನ್ನು ಮೇಲೆ ಕವುಚಿ, ನೆರಳಲ್ಲಿಡಿ.

ಚಿಗುರು ಬಂತು ಅಂತ ಕುಣಿಯಬೇಡಿ! ಕಡ್ಡಿಯಲ್ಲಿ ಉಳಿದ ಸತ್ವದಿಂದಲೂ ಚಿಗುರುತ್ತದೆ, ಬೇರು ಆಮೇಲೆ ಬರುತ್ತದೆ. ಎಳೆದು ನೋಡಲೂಬೇಡಿ. ಪನ್ನೀರು ಗುಲಾಬಿ, ನಾಟಿ ಗುಲಾಬಿ ಸುಲಭವಾಗಿ ಹಿಡಿಯುತ್ತವೆ. ಹೂಗುಚ್ಛದ ಉದ್ದ ಕಾಂಡದವು ಸುಮ್ನೆ ಸತಾಯಿಸುತ್ತವೆ.

ಕುಂಡಗಳ ನಡುವೆ ತಾನಾಗಿ ಹುಟ್ಟುವ ಕರ್ಣಕುಂಡಲವನ್ನು ಈಗ ಕಿತ್ತು ಬಿಸಾಡುವುದಿಲ್ಲ. ಬಲಿತ ಕಾಯಿ ಮುಟ್ಟಿದರೆ ಸಾಕು, ಸಿಡಿದು ಬೀಜ ಚೆಲ್ಲುತ್ತದೆ, ಮುಂದಿನ ಮಳೆಗೆ ಎಲ್ಲೆಂದರಲ್ಲಿ ಏಳುತ್ತದೆ. ನಾಲ್ಕೆಲೆ ಬಂದಾಗ ಸಂಜೆ ಹೊತ್ತು ಮಣ್ಣು ಸಮೇತ ಎತ್ತಿ, ಬೇಕಾದಲ್ಲಿ ನೆಡಬಹುದು. ಚೆಂದವೇ ಅಲ್ವಾ, ಕಾಸಿಲ್ಲದೆ ಬಂದ ಹೂವು! ಸಂಜೆಮಲ್ಲಿಗೆಯದು ಮಾತ್ರ ಬೇರೆ ಕಥೆ. ಅದು ಗೆಡ್ಡೆ ಕಟ್ಟುತ್ತದೆ, ಗುಲಾಬಿ ಕುಂಡದೊಳಗೆ ಬಿಟ್ಟರೆ ಜಾಗವನ್ನೆಲ್ಲ ಅದೇ ನುಂಗುತ್ತದೆ. ಅದಕ್ಕೆ ಕಾಂಪೌಂಡ್ ಬದಿಯೇ ಸರಿ.